ಅಳು ಮತ್ತು ನಿರೀಕ್ಷೆ: ಸಾವಿನ ಮನೆಯ ಒಂದು ಮಾತಿನ ಸುತ್ತ ಓದಿನ ಟಿಪ್ಪಣಿ

ಬೈಬಲಿನಲ್ಲಿ ಓದಬೇಕಾದ ಭಾಗಗಳು: ಯೋಹಾನ 11, 1 ಥೆಸಲೋನಿಕ 4:13–18, 1 ಕೊರಿಂಥ 15. ಮೊದಲು ಇವನ್ನು ಒಮ್ಮೆ ಓದಿಕೊಂಡು ಆಮೇಲೆ ಟಿಪ್ಪಣಿಗೆ ಬನ್ನಿ. ಕೊರಿಂಥದ್ದು ಉದ್ದ ಇದೆ, 58 ವಚನ. ಎರಡು ಸಲಕ್ಕೆ ಓದಿದರೂ ಪರವಾಗಿಲ್ಲ. ಆದರೆ ಕೊನೆಯ ವಚನ ಬಿಡಬೇಡಿ.

"ಅಳಬೇಡಿ, ಅವರು ದೇವರ ಹತ್ತಿರ ಇದ್ದಾರೆ." ನಮ್ಮ ಕೊಡಗಿನ ಕಡೆ ಕ್ರೈಸ್ತರ ಸಾವಿನ ಮನೆಗೆ ಹೋದರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ವಿರಾಜಪೇಟೆಯ ಪೇಟೆ ಮನೆಯಾದರೂ ಅಷ್ಟೇ, ಸಿದ್ದಾಪುರ ಕಡೆಯ ಎಸ್ಟೇಟಿನಲ್ಲಿ ಕೆಲಸಗಾರರ ಲೈನ್ ಮನೆಯಾದರೂ ಅಷ್ಟೇ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಇದರಲ್ಲಿ ಎರಡು ಮಾತು ಸೇರಿಕೊಂಡಿವೆ. "ದೇವರ ಹತ್ತಿರ ಇದ್ದಾರೆ" ಅನ್ನುವುದು ನಂಬಿಕೆಯ ಮಾತು, ಅದಕ್ಕೆ ವಾಕ್ಯದ ಆಧಾರ ಇದೆ. "ಅಳಬೇಡಿ" ಅನ್ನುವುದಕ್ಕೆ ಆಧಾರ ಎಲ್ಲಿದೆ? ಈ ಟಿಪ್ಪಣಿ ಪೂರ್ತಿ ಆ ಒಂದು ಪ್ರಶ್ನೆಯ ಹಿಂದೆ ಹೋಗುತ್ತದೆ.

ಎಲ್ಲರೂ ತೋರಿಸುವುದು ಥೆಸಲೋನಿಕ ಪಟ್ಟಣದ ಕ್ರೈಸ್ತ ಸಭೆಗೆ ಬರೆದ ಪತ್ರವನ್ನು. ಅಪೊಸ್ತಲ ಪೌಲ ಇದನ್ನು ಸುಮಾರು ಕ್ರಿ.ಶ. 50ರ ಹೊತ್ತಿಗೆ ಕೊರಿಂಥದಲ್ಲಿದ್ದಾಗ ಬರೆದ. ಅವನ ಪತ್ರಗಳಲ್ಲಿ ಇದೇ ಮೊದಲನೆಯದು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಸಭೆ ಹೊಸದು. ಕ್ರಿಸ್ತ ಬೇಗ ಬರುತ್ತಾನೆ ಅಂತ ಕಾಯುತ್ತಿದ್ದರು. ಅಷ್ಟರಲ್ಲಿ ಕೆಲವರು ತೀರಿಹೋದರು. ಹೋದವರಿಗೆ ಆ ದಿನ ತಪ್ಪಿಹೋಯಿತಲ್ಲ ಅನ್ನುವ ಕಳವಳ ಉಳಿದವರಿಗೆ. ಅವರಿಗೆ ಪೌಲ ಹೇಳುವುದು ಇಷ್ಟು: ನಿರೀಕ್ಷೆ ಇಲ್ಲದವರು ದುಃಖಿಸುವ ಹಾಗೆ ನೀವು ದುಃಖಿಸಬೇಡಿ. ಮತ್ತೊಮ್ಮೆ ಓದಿ. ದುಃಖಿಸಲೇಬೇಡಿ ಅಂತ ಎಲ್ಲೂ ಇಲ್ಲ. ಹೇಗೆ ದುಃಖಿಸಬೇಕು ಅನ್ನುವುದರ ಬಗ್ಗೆ ಮಾತು ಅದು. ಸಾವಿನ ಮನೆಯಲ್ಲಿ ನಾವು ಅರ್ಧ ವಚನ ಹೇಳಿ ಬರುತ್ತೇವೆ.

ಬೇಥಾನ್ಯದಲ್ಲಿ ನಡೆದದ್ದು

ಈಗ ಯೋಹಾನ 11. ಬೇಥಾನ್ಯ ಊರಿನಲ್ಲಿ ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿದೆ. ಅವನ ಅಕ್ಕ ಮಾರ್ಥ ಯೇಸುವಿನ ಎದುರಿಗೆ ಬಂದು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಅದು ಪ್ರಾರ್ಥನೆಯೂ ಹೌದು, ದೂರೂ ಹೌದು. ಯೇಸು ಅವಳನ್ನು ಬೈಯುವುದಿಲ್ಲ. ನಿನ್ನ ತಮ್ಮ ಎದ್ದುಬರುತ್ತಾನೆ ಅಂದಾಗ ಅವಳ ಉತ್ತರ ನೋಡಿ: ಕೊನೆಯ ದಿನದಲ್ಲಿ ಏಳುತ್ತಾನೆ ಅಂತ ನನಗೆ ಗೊತ್ತು. ಸಿದ್ಧಾಂತ ಅವಳಿಗೆ ಬಾಯಿಪಾಠ. ಪರೀಕ್ಷೆ ಆಗಿದ್ದರೆ ಪೂರ್ತಿ ಅಂಕ. ಆದರೂ ಅವಳ ದುಃಖ ಅದರಿಂದ ಇಳಿದಿಲ್ಲ.

ಆಮೇಲೆ ಇನ್ನೊಬ್ಬ ಸಹೋದರಿ ಮರಿಯ ಬರುತ್ತಾಳೆ, ಅದೇ ಮಾತನ್ನು ಅಳುತ್ತಾ ಹೇಳುತ್ತಾಳೆ. ಅಲ್ಲಿ ಯೇಸು ಪಾಠ ಹೇಳುವುದಿಲ್ಲ. ಎಲ್ಲಿ ಇಟ್ಟಿದ್ದೀರಿ ಅಂತ ಕೇಳುತ್ತಾನೆ. ಅಳುತ್ತಾನೆ. 35ನೇ ವಚನ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇನ್ನು ಕೆಲವೇ ನಿಮಿಷದಲ್ಲಿ ಲಾಜರ ಗವಿಯಿಂದ ನಡೆದು ಬರುತ್ತಾನೆ ಅಂತ ಅಲ್ಲಿ ಗೊತ್ತಿದ್ದವನು ಒಬ್ಬನೇ, ಯೇಸು. ಅಳದೇ ಇರುವುದಕ್ಕೆ ಅವನಿಗಿಂತ ದೊಡ್ಡ ಕಾರಣ ಯಾರಿಗೂ ಇರಲಿಲ್ಲ. ಅವನೇ ಅತ್ತ. ಹಾಗಾದರೆ ಮುಂದೆ ಒಳ್ಳೆಯದಿದೆ ಅನ್ನುವ ತಿಳಿವಳಿಕೆಯೂ ಈಗಿನ ಕಣ್ಣೀರೂ ಒಂದಕ್ಕೊಂದು ಶತ್ರುಗಳಲ್ಲ. 1 ಕೊರಿಂಥ 15:26 ಸಾವನ್ನು ಕಡೆಯ ಶತ್ರು ಎಂದು ಕರೆಯುತ್ತದೆ. ಶತ್ರು ಮನೆಗೆ ನುಗ್ಗಿ ಒಬ್ಬರನ್ನು ಎತ್ತಿಕೊಂಡು ಹೋದಾಗ ಯಾರು ಸುಮ್ನೆ ಇರುತ್ತಾರೆ?

ಅಗಸ್ಟೀನನ ಒಂದು ದಿನ

ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಒದ್ದಾಡಿದ ದೊಡ್ಡ ಮನುಷ್ಯ ಸಂತ ಅಗಸ್ಟೀನ. 387ನೇ ಇಸವಿ. ಊರಿಗೆ, ಅಂದರೆ ಆಫ್ರಿಕಾಕ್ಕೆ, ಹಡಗು ಹತ್ತಲು ರೋಮ್ ಹತ್ತಿರದ ಓಸ್ತಿಯ ಬಂದರಿನಲ್ಲಿ ಕಾಯುತ್ತಿದ್ದಾಗ ತಾಯಿ ಮೋನಿಕಾಳಿಗೆ ಜ್ವರ ಬಂತು. ಒಂಬತ್ತನೇ ದಿನ ತೀರಿಕೊಂಡಳು. ಆಗ ಅವನಿಗೆ 33ನೇ ವರ್ಷ ನಡೆಯುತ್ತಿತ್ತು. ಮುಂದೆ ತನ್ನ ಆತ್ಮಕಥೆಯಲ್ಲಿ ಆ ದಿನವನ್ನು ಬಿಡಿಸಿ ಬಿಡಿಸಿ ಬರೆದ.

ತಾಯಿಯ ಕಣ್ಣು ಮುಚ್ಚಿದವನು ಇವನೇ. ಅಳು ಉಕ್ಕಿ ಬಂತು, ಬಲವಂತವಾಗಿ ತಡೆದ. ಪಕ್ಕದಲ್ಲಿ ಅವನ ಮಗ, ಇನ್ನೂ ಹುಡುಗ, ಜೋರಾಗಿ ಅತ್ತ. ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದರು. ಯಾಕೆ? ಗೋಳಾಡುವುದು ಸತ್ತರೆ ಎಲ್ಲ ಮುಗಿಯಿತು ಅನ್ನುವವರ ಪದ್ಧತಿ, ಈಕೆ ಹಾಗೆ ಸತ್ತವಳಲ್ಲ ಅಂತ ಅವರ ಲೆಕ್ಕ. ನಮ್ಮ "ಅಳಬೇಡಿ" 1,600 ವರ್ಷಕ್ಕಿಂತ ಹಳೆಯದು ಅಂತ ಆಯಿತು!

ಒಬ್ಬ ಗೆಳೆಯ ಕೀರ್ತನೆ ಹಾಡಲು ಶುರುಮಾಡಿದ. ಸಮಾಧಿಯವರೆಗೂ ಅಗಸ್ಟೀನನ ಕಣ್ಣಲ್ಲಿ ನೀರಿಲ್ಲ. ಜನಕ್ಕೆ ಇವನು ಗಟ್ಟಿ ಮನುಷ್ಯ ಅನ್ನಿಸಿರಬೇಕು. ಒಳಗೆ ಬೇರೆಯೇ ನಡೆಯುತ್ತಿತ್ತು. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಅಂತ ಎಲ್ಲೋ ಕೇಳಿದ್ದ, ಹೋಗಿ ಸ್ನಾನ ಮಾಡಿ ಬಂದ. ಏನೂ ಇಳಿಯಲಿಲ್ಲ. ಮಲಗಿದ. ಎದ್ದಾಗ ಬಿಷಪ್ ಅಂಬ್ರೋಸ್ ಬರೆದ ಸಂಜೆಯ ಹಾಡಿನ ಸಾಲುಗಳು ನೆನಪಾದವು. ಆಮೇಲೆ ತಾಯಿ ನೆನಪಾದಳು. ಆಗ ತಡೆದಿದ್ದ ಕಣ್ಣೀರನ್ನು ಹರಿಯಲು ಬಿಟ್ಟ. ನನಗಾಗಿ ಎಷ್ಟೋ ವರ್ಷ ಅತ್ತ ತಾಯಿಗಾಗಿ ನಾನು ಸ್ವಲ್ಪ ಹೊತ್ತು ಅತ್ತದ್ದು ಪಾಪ ಅಂತ ಯಾರಿಗಾದರೂ ಕಂಡರೆ ನನ್ನನ್ನು ನೋಡಿ ನಗಬೇಡಿ ಅಂತ ಓದುಗರನ್ನು ಬೇಡಿಕೊಳ್ಳುತ್ತಾನೆ. ಬಿಷಪ್ ಆದ ಮೇಲೆ ಬರೆದದ್ದು ಇದು. ಆಗಲೂ ಅವನಿಗೆ ಅಳುವುದರ ಬಗ್ಗೆ ಸಂಕೋಚ ಪೂರ್ತಿ ಹೋಗಿಲ್ಲ. ನನಗೆ ಇಷ್ಟವಾಗುವುದು ಆ ಸಂಕೋಚವೇ. ತೀರ್ಮಾನ ಮುಗಿಸಿ ಕೈತೊಳೆದುಕೊಂಡವನ ಬರಹ ಅಲ್ಲ ಅದು.

ಮೋನಿಕಾಳ ಕಡೆಯ ಮಾತೂ ನಮ್ಮ ಊರಿನವರು ಗಮನಿಸಬೇಕಾದದ್ದು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕು ಅಂತ ಅವಳಿಗೆ ಮೊದಲು ತುಂಬಾ ಆಸೆ ಇತ್ತು. ಕೊನೆಗೆ, ಈ ದೇಹವನ್ನು ಎಲ್ಲಾದರೂ ಇಡಿ, ದೇವರಿಗೆ ಯಾವುದೂ ದೂರವಲ್ಲ, ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ ಸಾಕು ಅಂದಳು. ಹೊಟ್ಟೆಪಾಡಿಗೆ ಕೇರಳದಿಂದಲೋ ತಮಿಳುನಾಡಿನಿಂದಲೋ ತೋಟದ ಕೆಲಸಕ್ಕೆ ಬಂದು ಇಲ್ಲಿಯ ಮಣ್ಣಿನಲ್ಲೇ ಮಲಗಿದ ಎಷ್ಟೋ ಹಿರಿಯರು ನಮ್ಮ ಸಿಮೆಟ್ರಿಗಳಲ್ಲಿ ಇದ್ದಾರೆ, ಅಲ್ವಾ?

ನಿರೀಕ್ಷೆ ಒಂದು ಭಾವನೆಯೇ?

ಇದಕ್ಕೆ ಅಚ್ಚುಕಟ್ಟಾದ ಉತ್ತರ ಕೊಟ್ಟವನು 13ನೇ ಶತಮಾನದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್. ಅವನು ಎರಡನ್ನು ಬೇರೆ ಮಾಡುತ್ತಾನೆ. ಒಂದು ನಿರೀಕ್ಷೆ ಭಾವನೆ. ಅದು ಪ್ರಾಣಿಗಳಲ್ಲೂ ಇದೆ. ಅವನೇ ಕೊಡುವ ಉದಾಹರಣೆ: ಮೊಲ ತೀರಾ ದೂರದಲ್ಲಿದ್ದರೆ ನಾಯಿ ಕದಲುವುದಿಲ್ಲ, ಹತ್ತಿರ ಇದ್ದರೆ ಓಡುತ್ತದೆ. ಬೇಟೆ ನಾಯಿಗಳ ಕಥೆ ಕೇಳಿ ಬೆಳೆದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಭಾವನೆಗೆ ನಾಲ್ಕು ಲಕ್ಷಣ. ಬಯಸಿದ್ದು ಒಳ್ಳೆಯದಾಗಿರಬೇಕು, ಇನ್ನೂ ಬರಬೇಕಾದದ್ದಾಗಿರಬೇಕು, ಸುಲಭಕ್ಕೆ ಸಿಗಬಾರದು, ಆದರೆ ಸಿಗುವುದು ಸಾಧ್ಯ ಇರಬೇಕು. ಮಾರ್ಚಿನಲ್ಲಿ ಕಾಫಿಗೆ ಹೂಮಳೆ ಬರುತ್ತದೆ ಅಂತ ಮೋಡ ನೋಡುವ ಬೆಳೆಗಾರನ ನಿರೀಕ್ಷೆ ಈ ಜಾತಿಯದು. ಮಳೆ ಬಂದರೆ ಏರುತ್ತದೆ, ಬಾರದಿದ್ದರೆ ಇಳಿಯುತ್ತದೆ.

ಇನ್ನೊಂದು ನಿರೀಕ್ಷೆ ಸದ್ಗುಣ. ಅದು ದೇವರ ಸಹಾಯವನ್ನು ನೆಚ್ಚಿಕೊಂಡು ದೇವರನ್ನೇ ಬಯಸುವುದು. ಮನಸ್ಸು ಕುಗ್ಗಿದ ದಿನವೂ ಅದು ಇರಬಹುದು. ಕೀರ್ತನೆ 42 ಬರೆದವನು ಹಗಲು ರಾತ್ರಿ ಕಣ್ಣೀರೇ ನನಗೆ ಊಟವಾಯಿತು ಅನ್ನುತ್ತಾನೆ, ಅದೇ ಹಾಡಿನಲ್ಲಿ ತನ್ನ ಮನಸ್ಸಿಗೆ ತಾನೇ ದೇವರನ್ನು ಎದುರುನೋಡು ಅಂತ ಹೇಳಿಕೊಳ್ಳುತ್ತಾನೆ. ಹೇಳಿಕೊಳ್ಳಬೇಕಾಗಿ ಬಂತು ಅಂದರೆ ಆ ಹೊತ್ತಿನಲ್ಲಿ ಹಾಗೆ ಅನ್ನಿಸುತ್ತಿರಲಿಲ್ಲ ಅಂತ ತಾನೇ?

ಈ ಸದ್ಗುಣಕ್ಕೆ ಎರಡು ವಿರೋಧಿಗಳು ಅಂತ ಅಕ್ವಿನಾಸ್ ಹೇಳುತ್ತಾನೆ. ಒಂದು ನಿರಾಶೆ. ಇನ್ನೊಂದು ಅತಿಭರವಸೆ, ಅಂದರೆ ಎಲ್ಲ ಈಗಲೇ ಕೈಗೆ ಸಿಕ್ಕಿತು ಅನ್ನುವ ಹಾಗೆ ನಡೆಯುವುದು. ನಾವು ಮೊದಲನೆಯದಕ್ಕೆ ಮಾತ್ರ ಹೆದರುತ್ತೇವೆ. ಸಾವಿನ ಮನೆಯ "ಅಳಬೇಡಿ"ಯಲ್ಲಿ ಎರಡನೆಯದರ ಅಂಶ ಇದೆ ಅಂತ ನನ್ನ ಅನುಮಾನ. ಪ್ರಕಟನೆ 21:4ರಲ್ಲಿ ದೇವರು ಕಣ್ಣೀರು ಒರೆಸುತ್ತಾನೆ. ಅದು ಕೊನೆಗೆ ಆಗುವ ಕೆಲಸ, ಮಾಡುವವನು ದೇವರು. ನಾವು ಇವತ್ತೇ ಅವಸರದಲ್ಲಿ ಒರೆಸಲು ಹೋಗುತ್ತೇವೆ.

ಮರಣದ ಆಚೆ ಏನು

ನಮ್ಮಲ್ಲಿ ಹೆಚ್ಚಿನವರ ಮನಸ್ಸಿನ ಚಿತ್ರ ಸರಳ. ಪ್ರಾಣ ಮೇಲೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಹೊಸ ಒಡಂಬಡಿಕೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಸತ್ತ ಕೂಡಲೇ ಕ್ರಿಸ್ತನ ಜೊತೆ ಇರುವುದು ಇದೆ: ಲೂಕ 23:43, ಫಿಲಿಪ್ಪಿ 1:23. ಅದರ ಮುಂದೆ ದೇಹದ ಪುನರುತ್ಥಾನ ಇದೆ. ಭಾನುವಾರ ನಾವು ಹೇಳುವ ವಿಶ್ವಾಸ ಪ್ರಮಾಣದಲ್ಲೂ ಅದೇ ಇದೆ. ಪ್ರಕಟನೆ 21ರಲ್ಲಿ ಜನ ಮೇಲೆ ಹತ್ತುವುದಿಲ್ಲ, ಪಟ್ಟಣವೇ ಕೆಳಗೆ ಇಳಿದು ಬರುತ್ತದೆ.

1 ಕೊರಿಂಥ 15:20 ಕ್ರಿಸ್ತನನ್ನು ಪ್ರಥಮ ಫಲ ಅನ್ನುತ್ತದೆ. ಯೆಹೂದ್ಯರು ಸುಗ್ಗಿಯ ಮೊದಲ ಸಿವುಡನ್ನು ದೇವರ ಮುಂದೆ ತರುತ್ತಿದ್ದರು, ಯಾಜಕಕಾಂಡ 23ರಲ್ಲಿ ನೋಡಬಹುದು. ಕೊಡಗಿನ ಓದುಗರು ಹೊಸ ಕದಿರಿನ ಹಬ್ಬ ಪುತ್ತರಿಯನ್ನು ನೆನೆದರೆ ಸಾಕು. ಗದ್ದೆಗೆ ಹೋಗಿ, ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" ಅಂತ ಕೂಗಿ ಮೊದಲ ಕದಿರು ತೆಗೆಯುತ್ತಾರೆ. ಕೈಯಲ್ಲಿರುವುದು ಒಂದು ಹಿಡಿ. ಆದರೆ ಗದ್ದೆ ಪೂರ್ತಿ ಮಾಗಿದೆ, ಕೊಯ್ಲು ಬರುತ್ತಿದೆ ಅಂತ ಅದೇ ಹೇಳುತ್ತದೆ. ಈಸ್ಟರ್ ದಿನ ನಡೆದದ್ದನ್ನು ಪೌಲ ಹಾಗೆ ನೋಡುತ್ತಾನೆ.

ದೇಹ ಮುಖ್ಯ ಅಂದರೆ ಮಣ್ಣೂ ಮುಖ್ಯ. ರೋಮಾಪುರ 8ರಲ್ಲಿ ಸೃಷ್ಟಿಯೆಲ್ಲ ನರಳುತ್ತಾ ಬಿಡುಗಡೆಗೆ ಕಾಯುತ್ತಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದು ಮನೆ, ತೋಟ ಕೊಚ್ಚಿಕೊಂಡು ಹೋದದ್ದನ್ನು ಕಂಡವರಿಗೆ ಈ ಅಧ್ಯಾಯ ಬರೀ ಕಾವ್ಯ ಅನ್ನಿಸುವುದಿಲ್ಲ. ಆಗ "ಇದು ಜನರ ಪಾಪದ ಫಲ" ಅನ್ನುವ ಮಾತೂ ಅಲ್ಲಲ್ಲಿ ಕೇಳಿಬಂತು. ಅಂಥವರಿಗೆ ಲೂಕ 13:4 ಓದಿ ಹೇಳಿ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಬೇರೆಯವರಿಗಿಂತ ಜಾಸ್ತಿ ಪಾಪಿಗಳಾಗಿರಲಿಲ್ಲ ಅಂತ ಯೇಸುವೇ ಹೇಳಿದ್ದಾನೆ. ಈ ವಿಷಯದಲ್ಲಿ ನನಗೆ ಬೇರೆ ಚರ್ಚೆ ಬೇಕಿಲ್ಲ.

ಸತ್ತವರಿಗಾಗಿ ಪ್ರಾರ್ಥಿಸಬೇಕೇ ಅನ್ನುವಲ್ಲಿ ನಾವು ಬೇರೆ ಬೇರೆ. ನವೆಂಬರ್ 2ರಂದು ಕ್ಯಾಥೊಲಿಕರು ಸಿಮೆಟ್ರಿಯಲ್ಲಿ ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಟ್ಟು ಪ್ರಾರ್ಥಿಸುತ್ತಾರೆ. ಅವರು 2 ಮಕ್ಕಬಿಯರ 12ನ್ನು ತೋರಿಸುತ್ತಾರೆ, ಮೋನಿಕಾಳ ಮಾತನ್ನೂ ತೋರಿಸುತ್ತಾರೆ. ಬಾಸೆಲ್ ಮಿಷನ್ ಹಿನ್ನೆಲೆಯ ಪ್ರೊಟೆಸ್ಟಂಟ್ ಸಭೆ ಸಿ.ಎಸ್.ಐ.ನವರ 66 ಪುಸ್ತಕಗಳ ಬೈಬಲಿನಲ್ಲಿ ಮಕ್ಕಬಿಯರ ಪುಸ್ತಕ ಇಲ್ಲ. ಅವರು ಸತ್ತವರಿಗಾಗಿ ದೇವರಿಗೆ ವಂದನೆ ಹೇಳುತ್ತಾರೆ, ಬೇಡಿಕೆ ಇಡುವುದಿಲ್ಲ. ಕೈಮಡದಲ್ಲಿ, ಅಂದರೆ ಪೂರ್ವಜರ ಗುಡಿಯಲ್ಲಿ, ಗುರುಕಾರೋಣರೆಂಬ ಕುಲದ ಹಿರಿಯರಿಗೆ ಎಡೆ ಇಡುವ ಕೊಡವ ನೆರೆಯವರು "ನಿಮ್ಮಲ್ಲಿ ಹಿರಿಯರಿಗೆ ಏನೂ ಇಲ್ವಾ?" ಅಂತ ಕೇಳಿದರೆ ಈ ವ್ಯತ್ಯಾಸವನ್ನೂ ಸೇರಿಸಿ ಹೇಳುವುದು ಒಳ್ಳೆಯದು. ಹಿರಿಯರು ನಮ್ಮಿಂದ ಕಡಿದುಹೋಗಿಲ್ಲ ಅನ್ನುವುದರಲ್ಲಿ ಮಾತ್ರ ಕ್ಯಾಥೊಲಿಕರೂ ಸಿ.ಎಸ್.ಐ.ನವರೂ ಒಂದೇ.

ಹಾಗಾದರೆ ಸಾವಿನ ಮನೆಯಲ್ಲಿ ಏನು ಹೇಳಬೇಕು? ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ಸುಮ್ಮನೆ ಕೂತರು. ಅವರು ಮಾಡಿದ ಸರಿಯಾದ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಮೊದಲ ದಿನಗಳಲ್ಲಿ ಗಂಜಿ, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ. ವಚನ ಅವರೇ ಕೇಳಿದರೆ ಓದಿ. ಜನರೆಲ್ಲ ವಾಪಸು ಹೋದ ಮೇಲೆ, ಒಂದು ತಿಂಗಳು ಬಿಟ್ಟು, ಮತ್ತೆ ಹೋಗಿ. ಆಗ ಥೆಸಲೋನಿಕದ ವಚನಕ್ಕೆ ಕಿವಿ ಇರುತ್ತದೆ. ಕಾಡಾನೆ ದಾಳಿಯಲ್ಲಿ ದುಡಿಯುವವರನ್ನೇ ಕಳೆದುಕೊಂಡ ಲೈನ್ ಮನೆಯಾದರೆ ಪರಿಹಾರದ ಅರ್ಜಿ ಬರೆದುಕೊಡುವುದೂ ಸಾಂತ್ವನವೇ.

ಇದು ನನ್ನ ಸ್ವಂತ ಸೇರ್ಪಡೆ ಅನ್ನಿಸಿದರೆ 1 ಕೊರಿಂಥ 15:58ಕ್ಕೆ ಬನ್ನಿ. 57 ವಚನ ಪೌಲ ಪುನರುತ್ಥಾನದ ಬಗ್ಗೆ ಬರೆದ. ಮರಣವೇ, ನಿನ್ನ ಜಯ ಎಲ್ಲಿ ಅಂತ ಕೇಳಿದ. ಅಷ್ಟು ಎತ್ತರಕ್ಕೆ ಹೋದವನು ಕೊನೆಗೆ "ಆದ್ದರಿಂದ" ಅಂತ ಶುರುಮಾಡಿ ಇಳಿಯುವುದು ಕೆಲಸಕ್ಕೆ: ಕದಲದೆ ನಿಲ್ಲಿ, ಕರ್ತನ ಕೆಲಸ ಮಾಡುತ್ತಾ ಇರಿ, ನಿಮ್ಮ ದುಡಿಮೆ ವ್ಯರ್ಥವಲ್ಲ. ಪುಟ ತಿರುಗಿಸಿದರೆ 16:1, ಚಂದಾ ವಿಷಯ. ಯೆರೂಸಲೇಮಿನ ಕಷ್ಟದಲ್ಲಿದ್ದವರಿಗೆ ಪ್ರತಿ ವಾರದ ಮೊದಲ ದಿನ ಕೈಲಾದಷ್ಟು ತೆಗೆದಿಡಿ, ನಾನು ಬಂದ ಮೇಲೆ ವಸೂಲಿ ಶುರುಮಾಡುವ ಹಾಗಾಗಬಾರದು ಅನ್ನುತ್ತಾನೆ. ಮುಂದಿನ ಸಲ ಅಲ್ಲಿಂದಲೇ ಶುರು. 2 ಕೊರಿಂಥ 8 ಮತ್ತು 9ನ್ನೂ ಓದಿಕೊಂಡು ಬನ್ನಿ, ಅದೇ ಚಂದಾ ಮುಂದೆ ಏನಾಯಿತು ಅಂತ ಅಲ್ಲಿದೆ.