ಗರ್ಭನೀರಿನ ಪರೀಕ್ಷೆ: ‘ನೂರಕ್ಕೆ ಒಂದು’ ಎಂಬ ಲೆಕ್ಕ ಬಂದ ದಾರಿ

ತೀರ್ಥಹಳ್ಳಿ ಕಡೆಯಿಂದ ಸ್ಕ್ಯಾನಿಂಗಿಗೆಂದು ಶಿವಮೊಗ್ಗಕ್ಕೆ ಬಂದ ಬಸುರಿಗೆ ‘ಗರ್ಭನೀರು ತೆಗೆದು ನೋಡೋಣ’ ಎಂದರೆ ತಾಯಿ ಕಾರ್ಡ್ ಹಿಡಿದ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಜೊತೆಗಿರುವ ಅತ್ತೆ ಕೇಳುವುದು ಒಂದೇ: ‘ಸೂಜಿ ಚುಚ್ಚಿದರೆ ಮಗು ಉಳಿಯುತ್ತದಾ?’ ನಾನು ಕೇಳಿಸಿಕೊಂಡ ಉತ್ತರಗಳು ಎರಡು. ‘ಏನೂ ಆಗುವುದಿಲ್ಲ’, ಇಲ್ಲವೇ ‘ನೂರಕ್ಕೆ ಒಂದು ಹೋಗುತ್ತದೆ’.

ಗರ್ಭದಲ್ಲಿ ಮಗುವಿನ ಸುತ್ತಲಿರುವ ನೀರನ್ನು ಸೂಜಿಯಿಂದ ತೆಗೆದು, ಆನುವಂಶಿಕ ದೋಷವಿದೆಯೇ ಎಂದು ನೋಡುವುದೇ ಈ ಪರೀಕ್ಷೆ. 1956ರಲ್ಲಿ ಡೆನ್ಮಾರ್ಕಿನ ವೈದ್ಯರು ಈ ನೀರಿನ ಜೀವಕೋಶಗಳಿಂದ ಭ್ರೂಣದ ಲಿಂಗ ಗುರುತಿಸಿದರು. 1966ಕ್ಕೆ ಆನುವಂಶಿಕ ಗುಣಗಳನ್ನು ಹೊತ್ತ ಕ್ರೋಮೋಸೋಮುಗಳನ್ನೂ ನೋಡುವಂತಾಯಿತು. ಎಪ್ಪತ್ತರ ದಶಕದಲ್ಲಿ ಭಾರತಕ್ಕೆ ಬಂದ ಪರೀಕ್ಷೆ ಹೆಣ್ಣು ಭ್ರೂಣದ ಹತ್ಯೆಗೆ ದಾರಿಯಾಗಿ, 1994ರಲ್ಲಿ ಕಾಯ್ದೆಯೇ ಬೇಕಾಯಿತು. ಪರೀಕ್ಷೆ ಕಾನೂನುಬಾಹಿರವೆಂದು ಇಂದಿಗೂ ಹಲವರು ನಂಬಿರುವುದು ಆ ಕಹಿಯಿಂದಲೇ. ನಿಷೇಧವಿರುವುದು ಲಿಂಗಪತ್ತೆಗೆ. ಆನುವಂಶಿಕ ದೋಷದ ಶಂಕೆಯಿದ್ದರೆ, ನೋಂದಾಯಿತ ಕೇಂದ್ರದಲ್ಲಿ ಈ ಪರೀಕ್ಷೆಗೆ ಅವಕಾಶವಿದೆ.

‘ನೂರಕ್ಕೆ ಒಂದು’ ಹುಟ್ಟಿದ್ದು 1986ರ ಡೆನ್ಮಾರ್ಕ್ ಅಧ್ಯಯನದಲ್ಲಿ. ಅದರಲ್ಲಿದ್ದವರು 4,606 ಗರ್ಭಿಣಿಯರು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇ 1.7, ಮಾಡಿಸಿಕೊಳ್ಳದವರಲ್ಲಿ ಶೇ 0.7 ಗರ್ಭಪಾತ, ವ್ಯತ್ಯಾಸ ಶೇ 1. ಸೂಜಿ ತಾಕದೆಯೂ ಕೆಲವು ಬಸಿರು ನಿಲ್ಲುವುದಿಲ್ಲ ಎಂಬ ಮಾತು ಆ ಲೆಕ್ಕದೊಳಗೇ ಇತ್ತು, ನಮ್ಮವರೆಗೆ ಬರಲಿಲ್ಲ. 1998ರಲ್ಲಿ ಕೆನಡಾದ ಅಧ್ಯಯನ ಇನ್ನೊಂದನ್ನು ತೋರಿಸಿತು: 13 ವಾರದೊಳಗೆ ನೀರು ತೆಗೆದರೆ ಗರ್ಭಪಾತವೂ ಮಗುವಿನ ಪಾದ ಸೊಟ್ಟಗಾಗುವುದೂ ಹೆಚ್ಚು. ಹಾಗಾಗಿ ಈಗ 15 ವಾರ ತುಂಬುವವರೆಗೆ ಕಾಯುತ್ತಾರೆ. ಸ್ಕ್ಯಾನ್ ಪರದೆಯಲ್ಲಿ ಸೂಜಿಯ ತುದಿ ನೋಡುತ್ತಲೇ ಹದಿನೈದಿಪ್ಪತ್ತು ಮಿಲಿಲೀಟರ್ ನೀರು ತೆಗೆಯುತ್ತಾರೆ. ಪಳಗಿದ ಕೈಯಾದರೆ ಹೆಚ್ಚುವರಿ ಅಪಾಯ ಸಾವಿರಕ್ಕೆ ಒಂದರಿಂದ ಮೂರು ಎನ್ನುತ್ತವೆ ಈಚಿನ ಅಂದಾಜುಗಳು.

2011ರಿಂದ ಭ್ರೂಣದ ಕ್ರೋಮೋಸೋಮು ದೋಷ ಹುಡುಕುವ ತಾಯಿಯ ರಕ್ತದ ಪರೀಕ್ಷೆಯೂ ಬಂದಿದೆ. ಆದರೆ ಅದು ಶಂಕೆಯನ್ನಷ್ಟೇ ಹೇಳುತ್ತದೆ, ಖಚಿತಕ್ಕೆ ಮತ್ತೆ ಇದೇ ಸೂಜಿ.

1994ರ ಕಾಯ್ದೆಯ 5ನೇ ಕಲಂ ಅಡ್ಡಪರಿಣಾಮಗಳನ್ನೆಲ್ಲ ಗರ್ಭಿಣಿಗೆ ವಿವರಿಸಿ, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಪ್ರತಿಯನ್ನು ಆಕೆಯ ಕೈಗೆ ಕೊಡಬೇಕೆನ್ನುತ್ತದೆ. ಹತ್ತು ನಿಮಿಷದ ಕನ್ನಡದ ಮಾತು ಸಾಕು. ನೆಗೆಟಿವ್ ರಕ್ತದ ಗುಂಪಿನವರಿಗೆ, ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ ಎನ್ನಬೇಕು. ನೀರು ಸೋರಿದರೆ, ಜ್ವರ ಬಂದರೆ, ರಕ್ತ ಕಂಡರೆ ತಡಮಾಡಬಾರದು ಎನ್ನಬೇಕು. ಆಗುಂಬೆಯ ಮಳೆಯಲ್ಲಿ ನಡುರಾತ್ರಿ ಹಾಗಾದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಎಂಬುದನ್ನೂ ಸೂಜಿ ಹಾಕುವ ಮೊದಲೇ ಆ ಅತ್ತೆಯೊಂದಿಗೆ ಕೂತು ಮಾತಾಡಬೇಕು.