ಬ್ಲಾಕ್ ಟೈಮ್: ಗಾಲಿಗೆ ಕೊಟ್ಟ ಕಲ್ಲಿನ ಲೆಕ್ಕ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಲಾರಿ ಲೋಡ್ ಆಗುವುದನ್ನು ನೋಡಿದ್ದೀರಾ? ಕ್ರೇಟು ಏರಿಸುವಷ್ಟು ಹೊತ್ತೂ ಹಿಂದಿನ ಗಾಲಿಗೆ ಒಂದು ಕಲ್ಲು ಕೊಟ್ಟಿರುತ್ತಾರೆ. ಕ್ಲೀನರ್ ಅದನ್ನು ಕಾಲಲ್ಲಿ ಒದ್ದು ಸರಿಸಿ 'ರೈಟ್' ಅಂದ ಮೇಲೆಯೇ ಗಾಡಿ ಕದಲುವುದು.

ವಿಮಾನದ್ದೂ ಇದೇ ಕಥೆ. ನಿಂತಾಗ ಅದರ ಗಾಲಿಗೂ ಅಡ್ಡ ಕೊಡುತ್ತಾರೆ. ಕಲ್ಲಿನ ಬದಲು ರಬ್ಬರಿನದೋ ಮರದ್ದೋ ತುಂಡು, ಅಷ್ಟೇ. ಅದೇ 'ಬ್ಲಾಕ್'. ಅದನ್ನು ತೆಗೆದು ವಿಮಾನ ಕದಲಿದ ಗಳಿಗೆಯಿಂದ, ಇನ್ನೊಂದು ಊರಲ್ಲಿ ಇಳಿದು, ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಹೊತ್ತೇ ಬ್ಲಾಕ್ ಟೈಮ್. ಟಿಕೆಟ್ಟಿನಲ್ಲಿ ಪ್ರಯಾಣದ ಅವಧಿ ಅಂತ ಇರುವುದು ಇದೇ.

ನಮ್ಮಣ್ಣನ ಮಗ ಎಂಟನೇ ಕ್ಲಾಸು. ಬೆಂಗಳೂರು–ದೆಹಲಿ ಟಿಕೆಟ್ ನೋಡಿ ಲೆಕ್ಕಕ್ಕೆ ಕೂತ. ದೂರ ಸುಮಾರು 1,700 ಕಿ.ಮೀ., ಜೆಟ್ ವೇಗ ಗಂಟೆಗೆ 850. ಎರಡು ಗಂಟೆ ಸಾಕು, ಅಲ್ವಾ? ಟಿಕೆಟ್ಟಿನಲ್ಲಿ 2 ಗಂಟೆ 50 ನಿಮಿಷ. "ಮಿಕ್ಕಿದ 50 ನಿಮಿಷ ಎಲ್ಲಿ ಹೋಯ್ತು?"

ಆ 1,700 ಇದೆಯಲ್ಲ, ಅದು ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದರೆ ಸಿಗುವ ದೂರ. 'ಗ್ರೇಟ್ ಸರ್ಕಲ್' ದೂರ ಅಂತಾರೆ. ವಿಮಾನ ಹಾಗೆ ದಾರ ಹಿಡಿದು ಹೋಗುವುದಿಲ್ಲ, ಗೊತ್ತುಮಾಡಿದ ದಾರಿಯಲ್ಲಿ ಅಲ್ಲಲ್ಲಿ ತಿರುಗುತ್ತದೆ. 850ರ ವೇಗವೂ 35 ಸಾವಿರ ಅಡಿಯ ಆಸುಪಾಸಿಗೆ ಏರಿದ ಮೇಲಿನ ಮಾತು. ಏರುವಾಗ, ಇಳಿಯುವಾಗ ನಿಧಾನವೇ.

ಇನ್ನು ನೆಲದ ಮೇಲೆ ಕಳೆಯುವ ಹೊತ್ತು. ದೇವನಹಳ್ಳಿಯಲ್ಲಿ ವಿಮಾನವನ್ನು ಮೊದಲು ಹಿಂದಕ್ಕೆ ತಳ್ಳಬೇಕು. ಆಮೇಲೆ ರನ್‌ವೇವರೆಗೆ ಉರುಳಬೇಕು, ಮುಂದೆ ನಾಲ್ಕು ವಿಮಾನ ಇದ್ದರೆ ಸುಮ್ನೆ ಕಾಯಬೇಕು. ದೆಹಲಿಯಲ್ಲಿ ಇಳಿದ ಮೇಲೂ ಉರುಳಾಟ ಇದ್ದದ್ದೇ.

ಇದರ ಮೇಲೆ ಕಂಪನಿಯವರೂ ಸ್ವಲ್ಪ ಜಾಸ್ತಿ ಹೊತ್ತು ಸೇರಿಸಿಕೊಂಡಿರುತ್ತಾರೆ. ಹತ್ತಕ್ಕೆ ಮುಹೂರ್ತ ಇದ್ದರೆ ಮನೆಯವರಿಗೆ ಒಂಬತ್ತು ಅಂತ ಹೇಳುವುದಿಲ್ವಾ, ಹಾಗೆ. "20 ನಿಮಿಷ ಮುಂಚೆಯೇ ತಲುಪಿದ್ದೇವೆ" ಅಂತ ಅನೌನ್ಸ್ ಆದಾಗ ನನಗಂತೂ ನಗು ಬರುತ್ತದೆ. ಇನ್ನೊಂದು ತಮಾಷೆ: 15 ನಿಮಿಷದೊಳಗೆ ತಡವಾದರೂ ವಿಮಾನದವರ ಲೆಕ್ಕದಲ್ಲಿ ಅದು 'ಆನ್ ಟೈಮ್'.

ಹೊರದೇಶದ ಟಿಕೆಟ್ಟಿನಲ್ಲಿ ಹೊರಡುವ ಸಮಯ, ತಲುಪುವ ಸಮಯ ಎರಡನ್ನೂ ಕಳೆದು ಬ್ಲಾಕ್ ಟೈಮ್ ತೆಗೆಯಬೇಡಿ. ಆಯಾ ಊರಿನ ಗಡಿಯಾರ ಬೇರೆ. ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಟ್ಟು ಸಂಜೆ 6:30ಕ್ಕೆ ಲಂಡನ್ ಅಂತ ಇದ್ದರೆ ಅದು ಐದೂವರೆ ಗಂಟೆ ಅಲ್ಲ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಹಾಗಾಗಿ ಅದು 11 ಗಂಟೆ.

ಹುಡುಗ ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದ: "ಹೊಸಕೋಟೆ ಟ್ರಾಫಿಕ್ಕು ಇದರಲ್ಲಿ ಬರುತ್ತಾ?" ಬರುವುದಿಲ್ಲಪ್ಪ. ಅಷ್ಟು ಹೊತ್ತೂ ವಿಮಾನದ ಗಾಲಿಗೆ ಅಡ್ಡ ಕೊಟ್ಟೇ ಇರುತ್ತದೆ.