ಹೆಸರು ಬಿಡಿ, ಹಲ್ಲು ಎಣಿಸಿ

ಹಳೆಯ ಡೀಸೆಲ್ ಪಿಕಪ್‌ನ ಗೇರ್‌ಬಾಕ್ಸಿಗೆ ಅಪರೂಪದ ಬಿಡಿಭಾಗ ಹುಡುಕುವವರು ಗಾಡಿಯ ಹೆಸರು, ವರ್ಷ ಹೇಳಿಕೊಂಡು ಹೊರಡುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ. ಮೂವತ್ತು ವರ್ಷ ದುಡಿದ ಗಾಡಿಯಲ್ಲಿ ಈಗ ಕುಳಿತಿರುವುದು ಕಾರ್ಖಾನೆಯಲ್ಲಿ ಕೂರಿಸಿದ ಗೇರ್‌ಬಾಕ್ಸೇ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಗುಜರಿಯಿಂದ ತಂದದ್ದಿರಬಹುದು, ಎರಡು ಪೆಟ್ಟಿಗೆಗಳ ಒಳ್ಳೆಯ ಭಾಗಗಳನ್ನು ಸೇರಿಸಿ ಒಂದು ಮಾಡಿದ್ದಿರಬಹುದು. ಹೊರಗಿನ ತಗಡಿನ ಚೀಟಿ ಕೂಡ ಎರಡು ಸ್ಕ್ರೂ ಬಿಚ್ಚಿದರೆ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆ. ಹಲ್ಲಿನ ಸಂಖ್ಯೆಯನ್ನು ಮಾತ್ರ ಹಾಗೆ ಬಿಚ್ಚಿ ಬದಲಿಸಲು ಬರುವುದಿಲ್ಲ.

ಅಮೆರಿಕದ ಡಾಡ್ಜ್ ಪಿಕಪ್‌ಗಳನ್ನೇ ತೆಗೆದುಕೊಳ್ಳಿ. 1989ರಲ್ಲಿ ಅವುಗಳಿಗೆ ಕಮ್ಮಿನ್ಸ್‌ನ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಬಂತು. ಇದೇ ಬಿ ಸರಣಿಯ ಎಂಜಿನ್ ಮುಂದೆ ಜಮ್‌ಶೆಡ್‌ಪುರದಲ್ಲಿ ತಯಾರಾಗಿ, ಟಾಟಾ ಲಾರಿಗಳಲ್ಲಿ ನಮ್ಮ ಘಟ್ಟಗಳನ್ನೂ ಹತ್ತಿದೆ. ಪಿಕಪ್‌ನಲ್ಲಿ ಅದರ ಬೆನ್ನಿಗೆ 1993ರವರೆಗೆ ಗೆಟ್ರಾಗ್ ಕಂಪನಿಯ ಐದು ಗೇರಿನ ಪೆಟ್ಟಿಗೆ ಇತ್ತು. ಅದರ ಭಾಗಗಳು ಇವತ್ತು ಬಲು ಅಪರೂಪ. 1994ರಿಂದ ಎನ್‌ವಿ4500 ಎಂಬ ಐದು ಗೇರಿನ ಪೆಟ್ಟಿಗೆ ಬಂತು, ಆಮೇಲೆ ಆರು ಗೇರಿನ ಎನ್‌ವಿ5600. ಗೊಂದಲವೆಲ್ಲ ಈ ನಡುವಿನದರದ್ದು. ಎನ್‌ವಿ4500 ಡಾಡ್ಜ್‌ನ ಡೀಸೆಲ್ ಗಾಡಿಗೂ ಹೋಯಿತು, ಪೆಟ್ರೋಲ್ ಗಾಡಿಗೂ ಹೋಯಿತು, ಜನರಲ್ ಮೋಟರ್ಸ್‌ನ ಟ್ರಕ್ಕುಗಳಿಗೂ ಹೋಯಿತು. ಹೆಸರು ಒಂದೇ ಆದರೂ ಒಳಗಿನ ಶಾಫ್ಟ್ ಬೇರೆ.

ಕವಚದ ಮೇಲೆ ಉಬ್ಬಿ ಕಾಣುವ ಎರಕದ ಸಂಖ್ಯೆಯನ್ನು ಪಾರ್ಟ್ ನಂಬರ್ ಎಂದು ನಂಬುವುದು ಇನ್ನೊಂದು ಹಳೆಯ ತಪ್ಪು. ಅದು ಅಚ್ಚಿನ ಗುರುತು ಅಷ್ಟೇ. ಒಂದೇ ಅಚ್ಚಿನಲ್ಲಿ ತೆಗೆದ ಬೆಲ್ಲದಲ್ಲಿ ಒಂದು ಪಾಯಸಕ್ಕೆ, ಒಂದು ಹೋಳಿಗೆಗೆ ಹೋಗುವ ಹಾಗೆ, ಒಂದೇ ಅಚ್ಚಿನ ಕವಚಕ್ಕೆ ಆಮೇಲೆ ಬೇರೆ ಬೇರೆ ತೂತು ಕೊರೆದು, ಬೇರೆ ಬೇರೆ ಮುಖ ಕಡೆದಿರುತ್ತಾರೆ. ಬೇರಿಂಗಿನ ಉಂಗುರದ ಮೇಲೆ ಕೊರೆದ ಸಂಖ್ಯೆಯನ್ನು ಹೆಚ್ಚು ನಂಬಬಹುದು. ಎನ್‌ವಿ4500ರ ಮುಖ್ಯ ಬೇರಿಂಗುಗಳು ಟೇಪರ್ ರೋಲರ್ ಮಾದರಿಯವು. ಒಳಗಿನ ಕೋನ್, ಹೊರಗಿನ ಕಪ್ ಎರಡಕ್ಕೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಎರಡನ್ನೂ ಬರೆದುಕೊಳ್ಳಬೇಕು.

ಪೆಟ್ಟಿಗೆ ಬಿಚ್ಚುವ ಮೊದಲೇ ತಿಳಿಯುವುದು ಬಹಳಷ್ಟಿದೆ. ಮೊದಲು ಎಂಜಿನ್ ಕಡೆಯ ಇನ್‌ಪುಟ್ ಶಾಫ್ಟ್: ಡಾಡ್ಜ್‌ನ ಡೀಸೆಲ್ ಎನ್‌ವಿ4500ರಲ್ಲಿ 10 ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೆ ಕಡೆದ ಹಲ್ಲಿನಂಥ ಏಣುಗಳು), ವ್ಯಾಸ ಒಂದೂಕಾಲು ಇಂಚು, ಅಂದರೆ 31.75 ಮಿ.ಮೀ. ಆಮೇಲೆ ಹಿಂದಿನ ತುದಿ, ಅಂದರೆ ಔಟ್‌ಪುಟ್: ಫೋರ್ ವೀಲ್ ಡ್ರೈವ್ ಡೀಸೆಲ್ ಡಾಡ್ಜ್‌ಗೆ 29 ಸ್ಪ್ಲೈನ್, ಅದೇ ಕಂಪನಿಯ ವಿ8 ಪೆಟ್ರೋಲ್ ಗಾಡಿಗೆ 23, ಜನರಲ್ ಮೋಟರ್ಸ್‌ನ ಫೋರ್ ವೀಲ್ ಡ್ರೈವ್‌ಗೆ 32. ಕಣ್ಣಂದಾಜಿಗೆ ಈ ಮೂರೂ ಅಣ್ಣತಮ್ಮಂದಿರೇ. ಎಣಿಸುವಾಗ ಒಂದು ಸ್ಪ್ಲೈನಿಗೆ ಚಾಕ್‌ನಿಂದ ಗುರುತು ಹಾಕಿ, ಉಗುರು ತಾಗಿಸುತ್ತಾ ಹೋಗಿ ಗುರುತಿಗೆ ವಾಪಸ್ ಬರಬೇಕು. ಬೆರಳು ತೋರಿಸಿ ಎಣಿಸಿದರೆ 28 ಅಥವಾ 30 ಬರುವುದು ಖಂಡಿತ.

ಗೇರ್ ಅನುಪಾತ, ಅಂದರೆ ಔಟ್‌ಪುಟ್ ಒಂದು ಸುತ್ತು ಬರಲು ಇನ್‌ಪುಟ್ ಎಷ್ಟು ಸುತ್ತಬೇಕು ಎಂಬುದೂ ಹೊರಗಿನಿಂದಲೇ ಸಿಗುತ್ತದೆ. ಎನ್‌ವಿ4500ರ ಮೊದಲ ಗೇರು ಎರಡು ಬಗೆಯದು: ಜನರಲ್ ಮೋಟರ್ಸ್‌ನ ಮೊದಮೊದಲ ಪೆಟ್ಟಿಗೆಗಳಲ್ಲಿ 6.34, ಡಾಡ್ಜ್‌ನಲ್ಲಿ 5.61. ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಗುರುತು ಹಾಕಿ, ಮೊದಲ ಗೇರಿಗೆ ತಂದು, ಔಟ್‌ಪುಟ್ 3 ಪೂರ್ತಿ ಸುತ್ತು ಮುಗಿಸುವವರೆಗೆ ಇನ್‌ಪುಟ್ ತಿರುಗಿಸಿ. 16 ಮುಕ್ಕಾಲು ದಾಟಿ 17ರ ಹತ್ತಿರ ನಿಂತರೆ 5.61, 19ಕ್ಕೆ ಬಂದರೆ 6.34. ಒಂದೇ ಸುತ್ತಿಗೆ ನೋಡಿದರೆ ಮುಕ್ಕಾಲು ಸುತ್ತಿನಷ್ಟೇ ವ್ಯತ್ಯಾಸ, ಹಲ್ಲುಗಳ ಸಡಿಲದಲ್ಲಿ ಅನುಮಾನ ಉಳಿಯುತ್ತದೆ. ಅದಕ್ಕೇ 3 ಸುತ್ತು.

ಪೆಟ್ಟಿಗೆಯೇ ಇಲ್ಲದೆ, ಬರೀ ಒಂದು ಗೇರು ಮೇಜಿನ ಮೇಲೆ ಇದ್ದರೆ? ಆಗಲೂ ಅದು ಮಾತಾಡುತ್ತದೆ. ಹಲ್ಲು ಎಣಿಸಿ, ಹೊರ ವ್ಯಾಸ ಅಳೆಯಿರಿ. ನೇರ ಹಲ್ಲಿನ ಗೇರಾದರೆ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿದ ಮೊತ್ತದಿಂದ ಭಾಗಿಸಿ. 30 ಹಲ್ಲು, 96 ಮಿ.ಮೀ. ವ್ಯಾಸ ಇದ್ದರೆ 96 ಭಾಗ 32, ಉತ್ತರ 3. ಇದೇ ಮಾಡ್ಯೂಲ್, ಹಲ್ಲಿನ ಗಾತ್ರದ ಮೆಟ್ರಿಕ್ ಅಳತೆ. ಅದೇ 30 ಹಲ್ಲಿನ ಗೇರು 101.6 ಮಿ.ಮೀ. ಬಂದರೆ ಮಾಡ್ಯೂಲ್ 3.175 ಆಗುತ್ತದೆ. ವಿಚಿತ್ರ ಸಂಖ್ಯೆ ಅನ್ನಿಸಿದರೂ ಅದಕ್ಕೆ ಅರ್ಥವಿದೆ: ವ್ಯಾಸದ ಇಂಚಿಗೆ 8 ಹಲ್ಲು ಎಂಬ ಹಳೆಯ ಇಂಚಿನ ಲೆಕ್ಕದಲ್ಲಿ ಕಡೆದ ಗೇರು ಅದು. ಬೆಸ ಸಂಖ್ಯೆಯ ಹಲ್ಲಿದ್ದರೆ ಎಚ್ಚರ. ಒಂದು ಹಲ್ಲಿನ ಎದುರಿಗೆ ಹಲ್ಲಿರುವುದಿಲ್ಲ, ಸಂದು ಇರುತ್ತದೆ. ವರ್ನಿಯರ್ ಕಡಿಮೆ ತೋರಿಸುತ್ತದೆ. ನಡುವಿನ ತೂತಿನ ಅಂಚಿನಿಂದ ಹಲ್ಲಿನ ತುದಿಗೆ ಅಳೆದು, ಎರಡರಿಂದ ಗುಣಿಸಿ, ತೂತಿನ ವ್ಯಾಸ ಕೂಡಿಸಿದರೆ ಸರಿಯಾದ ಅಳತೆ ಸಿಗುತ್ತದೆ.

ಮುಂದಕ್ಕೆ ಹೋಗುವ ಗೇರುಗಳ ಹಲ್ಲು ಸಾಮಾನ್ಯವಾಗಿ ಓರೆ. ಆ ಓರೆಯನ್ನು ಅಳೆಯಲು ದುಬಾರಿ ಯಂತ್ರ ಬೇಡ. ಹಲ್ಲಿನ ತುದಿಗೆ ಸ್ಟ್ಯಾಂಪ್ ಪ್ಯಾಡಿನ ಶಾಯಿ ಹಚ್ಚಿ, ಗೇರಿನ ಅಂಚನ್ನು ಒಂದು ಸ್ಕೇಲಿಗೆ ತಾಗಿಸಿ ಬಿಳಿ ಹಾಳೆಯ ಮೇಲೆ ನೇರವಾಗಿ ಉರುಳಿಸಿ. ಚಪಾತಿಯ ಮೇಲೆ ಲಟ್ಟಣಿಗೆಯ ಗೀರು ಬಿದ್ದಂತೆ ಓರೆ ಗೆರೆಗಳು ಸಾಲಾಗಿ ಮೂಡುತ್ತವೆ. ಸ್ಕೇಲಿಗೆ ಲಂಬವಾಗಿ ಒಂದು ಗೆರೆ ಎಳೆದು ಕೋನಮಾಪಕ ಇಟ್ಟರೆ ಕೋನ ಸಿಕ್ಕಿತು. ತುದಿಯಲ್ಲಿ ಸಿಗುವ ಕೋನ ಹಲ್ಲಿನ ನಡುಮಟ್ಟದ ಕೋನಕ್ಕಿಂತ ತುಸು ಹೆಚ್ಚು, ಆದರೆ ಹಳೆಯದನ್ನೂ ಹೊಸದನ್ನೂ ಒಂದೇ ಹಾಳೆಯ ಮೇಲೆ ಉರುಳಿಸಿ ಹೋಲಿಸಲು ಅದು ಅಡ್ಡಿಯಲ್ಲ. ಓರೆ ಎಡಕ್ಕೋ ಬಲಕ್ಕೋ ಎಂಬುದನ್ನೂ ಬರೆದುಕೊಳ್ಳಿ. ಜೋಡಿಯ ಎರಡು ಗೇರುಗಳಲ್ಲಿ ಒಂದರದು ಎಡ, ಇನ್ನೊಂದರದು ಬಲ.

ಹತ್ತೊಂಬತ್ತನೇ ಶತಮಾನದಲ್ಲಿ ಕೇಂಬ್ರಿಜ್‌ನ ರಾಬರ್ಟ್ ವಿಲ್ಲಿಸ್ ಗೇರಿನ ಹಲ್ಲುಗಳ ಬಗ್ಗೆ ತಲೆ ಕೆಡಿಸಿಕೊಂಡದ್ದೇ ಇದಕ್ಕಾಗಿ: ಒಂದೇ ಗಾತ್ರದ ಹಲ್ಲಿನ ಯಾವ ಎರಡು ಚಕ್ರ ತಂದರೂ ಕೂಡಿಕೊಳ್ಳಬೇಕು. ಕಾರ್ಖಾನೆಗಳಿಗೆ ಅದು ದೊಡ್ಡ ವರವಾಯಿತು. ಗೇರ್‌ಬಾಕ್ಸು ಮಾತ್ರ ಆ ವರವನ್ನು ಪೂರ್ತಿ ಒಪ್ಪಿಕೊಂಡಿಲ್ಲ. ಚಕ್ರಗಳ ಕಡೆಗೆ ತಿರುಗು ಸಾಗಿಸುವ ಮೇನ್ ಶಾಫ್ಟಿಗೂ ಅದಕ್ಕೆ ಸಮಾನಾಂತರವಾಗಿ ಕೂತ ಕೌಂಟರ್ ಶಾಫ್ಟಿಗೂ ನಡುವಿನ ದೂರ ಎಲ್ಲ ಜೋಡಿಗೂ ಒಂದೇ ಆಗಿರಬೇಕಾದ್ದರಿಂದ, ಒಂದೊಂದು ಜೋಡಿಯ ಓರೆಯನ್ನೂ ಹಲ್ಲಿನ ಎತ್ತರವನ್ನೂ ಬೇಕೆಂದೇ ಅಷ್ಟಿಷ್ಟು ಬದಲಿಸಿ ಹೊಂದಿಸಿರುತ್ತಾರೆ. ಆದ್ದರಿಂದ ಮಾಡ್ಯೂಲಿನ ಲೆಕ್ಕ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಹಲ್ಲಿನ ಸಂಖ್ಯೆ, ವ್ಯಾಸ, ಅಗಲ, ಓರೆ, ಒಳಗಿನ ಸ್ಪ್ಲೈನ್ ಐದೂ ಕೂಡಿದರೆ ಮಾತ್ರ ಅದೇ ಗೇರು.

ಡೀಸೆಲ್ ಎಂಜಿನ್ನಿನ ಹಿಂದೆ ಈ ಗುರುತಿಸುವಿಕೆ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಎನ್‌ವಿ4500ರ ಐದನೇ ಗೇರಿನ ನಟ್‌ಗಿಂತ ಒಳ್ಳೆಯ ಪಾಠವಿಲ್ಲ. ಐದನೇ ಗೇರು ಮೇನ್ ಶಾಫ್ಟಿನ ಹಿಂಭಾಗದಲ್ಲಿ ಸ್ಪ್ಲೈನಿನ ಮೇಲೆ ಕೂತಿರುತ್ತದೆ, ಅದನ್ನು ಹಿಡಿದಿಡುವುದು ಒಂದು ದೊಡ್ಡ ನಟ್. ಇನ್ನು ಎಂಜಿನ್ನಿನ ಕಡೆ ನೋಡಿ. ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ 3 ಸಲ ಹೊಡೆಯುತ್ತದೆ. ನಿಮಿಷಕ್ಕೆ 1,800 ಸುತ್ತಿನಲ್ಲಿ ಸೆಕೆಂಡಿಗೆ 90 ಹೊಡೆತ, ಗಂಟೆಗೆ 3,24,000. ಶಾಫ್ಟಿನ ತಿರುಗು ನಮ್ಮ ಕಣ್ಣಿಗೆ ನೀರಿನ ಹರಿವಿನಂತೆ ಕಂಡರೂ ಒಳಗೆ ಅದು ಒನಕೆಯ ಕುಟ್ಟು: ಹೊಡೆತ, ಬಿಡುವು, ಹೊಡೆತ, ಬಿಡುವು. ಕಡಿಮೆ ವೇಗದಲ್ಲಿ ಭಾರ ಎಳೆಯುತ್ತಾ ಐದನೇ ಗೇರಿನಲ್ಲೇ ಇದ್ದರೆ ಕುಟ್ಟು ಇನ್ನೂ ಒರಟಾಗುತ್ತದೆ. ಓರೆ ಹಲ್ಲು ತಿರುಗಿಸುವುದರ ಜೊತೆಗೆ ಶಾಫ್ಟಿನ ಉದ್ದಕ್ಕೂ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ. ಗುದ್ದಲಿಯ ಕಾವು ಸಡಿಲವಾಗುವುದು ಒಂದು ದೊಡ್ಡ ಏಟಿಗಲ್ಲ, ಸಾವಿರ ಸಣ್ಣ ಏಟಿಗೆ. ಬೀಸುವ ಕಲ್ಲಿನ ಗೂಟ ಅಲ್ಲಾಡತೊಡಗುವುದೂ ಹಾಗೇ, ಏಟಿನ ಜೋರಿಗಲ್ಲ, ಹಿಂದುಮುಂದಿನ ಆಟಕ್ಕೆ. ಗೇರು ಸ್ಪ್ಲೈನಿನ ಮೇಲೆ ಕೂದಲೆಳೆಯಷ್ಟು ಆಡುತ್ತದೆ, ನಟ್‌ನ ಮುಖ ಅದರ ಜೊತೆ ಜಾರುತ್ತದೆ. ಹೀಗೆ ಅಡ್ಡಡ್ಡ ಜಾರುವ ನಟ್, ಎಷ್ಟು ಬಿಗಿ ಮಾಡಿದ್ದರೂ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದ್ದರು.

ನಟ್ ಹಿಂದೆ ಸರಿದರೆ ಗೇರು ಅದರ ಬೆನ್ನು ಹಿಡಿಯುತ್ತದೆ. ಕೊನೆಗೊಂದು ದಿನ ಲಿವರ್ ಐದರಲ್ಲೇ ಇದ್ದರೂ ಎಂಜಿನ್ ಏರುತ್ತದೆ, ಗಾಡಿ ಏರುವುದಿಲ್ಲ. ಮಿಕ್ಕ ನಾಲ್ಕು ಗೇರು ಸರಿಯಾಗಿ ಎಳೆಯುತ್ತವೆ. ಇದನ್ನು ಕ್ಲಚ್ ಸವೆತ ಎಂದು ತಿಳಿದು ಕ್ಲಚ್ ಪ್ಲೇಟ್ ಬದಲಿಸುವುದು ದುಡ್ಡು ದಂಡ. ಕ್ಲಚ್ ಜಾರಿದರೆ ನಾಲ್ಕರಲ್ಲೂ ಜಾರಬೇಕಲ್ಲ? ಗಟ್ಟಿ ಎಣ್ಣೆ ಹಾಕಿದರೆ ನಿಲ್ಲುತ್ತದೆ ಎಂಬ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಇದಕ್ಕೆ ಹೇಳಿರುವುದು ಜಿಎಲ್-4 ದರ್ಜೆಯ 75ಡಬ್ಲ್ಯು-85 ಸಿಂಥೆಟಿಕ್. ಗಟ್ಟಿ ಎಣ್ಣೆ ಸದ್ದನ್ನು ಮುಚ್ಚುತ್ತದೆ, ನಟ್ ತನ್ನ ಪಾಡಿಗೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ.

ಹಿಂದಿನ ಕವಚ ತೆಗೆದು ನೋಡಿದಾಗ ನಟ್‌ಗೂ ಗೇರಿಗೂ ನಡುವೆ ಸಂದು ಕಂಡರೆ, ನಟ್ ಮಾತ್ರ ಬಿಗಿದು ಮುಚ್ಚಬೇಡಿ. ಸ್ಪ್ಲೈನಿನ ಪಕ್ಕ ಆಗಲೇ ಮೆಟ್ಟಿಲಿನಂತೆ ಸವೆದಿರುತ್ತದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಆ ಶಾಫ್ಟಿನ ಮೇಲೆ ಹೊಸ ನಟ್ ಹೆಚ್ಚು ಕಾಲ ನಿಲ್ಲದು. ಐದನೇ ಗೇರು ಕೂರುವ ಜಾಗದ ಉದ್ದಕ್ಕೂ ಪೂರ್ತಿ ಸ್ಪ್ಲೈನ್ ಇರುವ ಸುಧಾರಿತ ಮೇನ್ ಶಾಫ್ಟ್ ಸಿಗುತ್ತದೆ, ಆದರೆ ಅದೂ ಗಾಡಿಗೆ ತಕ್ಕಂತೆ ಬೇರೆ ಬೇರೆ ತುದಿಯೊಂದಿಗೆ ಬರುತ್ತದೆ. ಫೋರ್ ವೀಲ್ ಡ್ರೈವ್ ಡೀಸೆಲ್ ಡಾಡ್ಜ್ ಆದರೆ, ಶಾಫ್ಟ್ ಕೈಗೆ ಬಂದ ದಿನವೇ ಹಿಂದಿನ ತುದಿಯಲ್ಲಿ 29 ಎಣಿಸಿ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಇನ್‌ಪುಟ್ ಗೇರನ್ನು ಅದರ ಮೇಲೆ ಬರೀ ಕೈಯಿಂದ ತೂರಿಸಿ ನೋಡಿ. ತಡೆಯಿಲ್ಲದೆ ಜಾರಬೇಕು, ತಿರುಚಿದರೆ ಆಟ ಇರಬಾರದು. ಸುತ್ತಿಗೆ ಬೇಕು ಅನ್ನಿಸಿದರೆ ಪೆಟ್ಟಿಗೆ ಕಟ್ಟದೆ ಶಾಫ್ಟನ್ನು ವಾಪಸ್ ಕಳಿಸಿ.